ಬೇಸ್ ಗಿಟಾರಿಗೂ ಬೇಕು ಒಂದು ಸರ್ವಿಸ್

ನಮ್ಮ ಬ್ಯಾಂಡಿನ ಬೇಸ್ ಗಿಟಾರ್ ಯಾರದ್ದು ಅಂತ ಕೇಳಿದ್ರೆ ನಮ್ಮ ಹತ್ರ ಉತ್ತರ ಇಲ್ಲ. ಯಾವುದೋ ಬ್ಯಾಚಿನ ಸೀನಿಯರ್ ಒಬ್ಬರು ಸೆಕೆಂಡ್ ಹ್ಯಾಂಡಿನಲ್ಲಿ ತಂದು, ಪಾಸಾಗಿ ಹೋಗುವಾಗ ಬಿಟ್ಟು ಹೋಗಿದ್ದು. ಕೈಯಿಂದ ಕೈಗೆ ದಾಟುತ್ತಾ ನನ್ನ ರೂಮಿಗೆ ಬಂತು. ಕಳೆದ ಮಳೆಗಾಲದಲ್ಲಿ ನಾನು ಅದಕ್ಕೆ ಇನ್ನೇನು ತಿಥಿ ಮಾಡೋದರಲ್ಲಿದ್ದೆ.

ಫೆಸ್ಟಿಗೆ ಮೂರೇ ದಿನ. ತಂತಿಗಳು ತುಂಬಾ ಎತ್ತರದಲ್ಲಿದ್ದು ಬೆರಳು ನೋಯ್ತಿತ್ತು. ಅಲೆನ್ ಕೀ ಹುಡುಕಿ, ನೆಕ್ಕಿನ ತುದಿಯಲ್ಲಿ ಕಾಣುವ ಟ್ರಸ್ ರಾಡ್ ನಟ್ಟನ್ನು ಒಂದೇ ಸಲಕ್ಕೆ ಪೂರ್ತಿ ಒಂದು ಸುತ್ತು ಬಿಗಿ ಮಾಡಿದೆ. ತಂತಿ ಕೆಳಗೆ ಬಂತು, ಖುಷಿಯಾಗಿ ಮಲಗಿದೆ. ಬೆಳಗ್ಗೆ ನುಡಿಸಿದ್ರೆ ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಸ್ವರವೇ ಇಲ್ಲ, ಬರೀ ಟರ್ ಟರ್. ಅಂಗಡಿಗೆ ಒಯ್ದರೆ "ನೆಕ್ ಹೋಗಿದೆ, ಹೊಸದು ತಗೊಳ್ಳಿ" ಅಂದ್ರು. ಹೊಸದಕ್ಕೆ ದುಡ್ಡೆಲ್ಲಿ?

ಕೊನೆಗೆ ಕಾಪಾಡಿದ್ದು ಮೆಕ್ಯಾನಿಕಲ್ ಓದುವ ನನ್ನ ರೂಮ್‌ಮೇಟ್. ಗಿಟಾರಿನ ಗಂಧ ಗಾಳಿ ಗೊತ್ತಿಲ್ಲದ ಅವನು ನೋಡಿ ಹೇಳಿದ್ದು ಒಂದೇ ಮಾತು: "ಲೋ, ಇದು ಬೀಮ್ ಕಣೋ." ಇಬ್ಬರೂ ಕೂತು ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿದ್ವಿ. ಸಂಜೆ ಹೊತ್ತಿಗೆ ಸ್ವರ ವಾಪಸ್ ಬಂತು. ಹೋಗಿದ್ದು ನೆಕ್ ಅಲ್ಲ, ನನ್ನ ತಾಳ್ಮೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ.

ಅವನು ಹೇಳಿದ್ದು ನಿಜ. ಸಾಮಾನ್ಯ ಬೇಸಿನಲ್ಲಿ ನಟ್ಟಿನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 34 ಇಂಚು, ಅಂದ್ರೆ ಸುಮಾರು 864 ಮಿ.ಮೀ. ನಾಲ್ಕು ತಂತಿ ಸೇರಿ ನೆಕ್ಕನ್ನು ಸುಮಾರು 80 ಕೆಜಿ ಬಲದಲ್ಲಿ ಎಳೆಯುತ್ತವೆ. ಒಬ್ಬ ದಪ್ಪ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದ ಹಾಗೆ! ಆ ಎಳೆತಕ್ಕೆ ಮರ ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ. ಅದನ್ನು ಹಿಂದಕ್ಕೆ ಎಳೆದು ಹಿಡಿಯೋದು ನೆಕ್ ಒಳಗಿರುವ ಕಬ್ಬಿಣದ ಸರಳು, ಅದೇ ಟ್ರಸ್ ರಾಡ್. ಮಳೆಗಾಲದ ತೇವ, ಬೇಸಿಗೆಯ ಒಣಹವೆ ಎರಡಕ್ಕೂ ಮರ ಮಿಸುಕಾಡುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಸೆಟಪ್ ನೋಡಬೇಕು. ಇದರಲ್ಲಿ ಮುಖ್ಯ ವಿಷಯ ಕ್ರಮ. ಒಂದನ್ನು ಬದಲಾಯಿಸಿದರೆ ಮುಂದಿನದೆಲ್ಲ ಬದಲಾಗುತ್ತದೆ, ಅದಕ್ಕೇ ಹಿಂದುಮುಂದು ಮಾಡುವಂತಿಲ್ಲ.

1. ಶ್ರುತಿ: ಸಾಧ್ಯವಾದರೆ ಹೊಸ ತಂತಿ ಹಾಕಿ, ನೀವು ಯಾವಾಗಲೂ ನುಡಿಸುವ ಶ್ರುತಿಗೇ ತನ್ನಿ. ಎಳೆತ ಸರಿ ಇಲ್ಲದೆ ಅಳತೆ ತಗೊಂಡ್ರೆ ವ್ಯರ್ಥ. ದಪ್ಪ 'ಇ' ತಂತಿ 41.2 ಹರ್ಟ್ಸ್. ಇಷ್ಟು ಕೆಳಗಿನ ಸ್ವರ ಫೋನಿನ ಟ್ಯೂನರಿಗೆ ಕೆಲವೊಮ್ಮೆ ಸಿಗಲ್ಲ. ಆಗ 12ನೇ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಒತ್ತದೆ, ಬರೀ ಮುಟ್ಟಿ ಮೀಟಿ. ಬರುವ ಹಾರ್ಮೋನಿಕ್ ಒಂದು ಸ್ಥಾಯಿ ಮೇಲಿರುತ್ತದೆ, ಟ್ಯೂನರ್ ಹಿಡಿಯುತ್ತದೆ.

2. ನೆಕ್ಕಿನ ಬಾಗು: 'ಇ' ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ, ನೆಕ್ ಬಾಡಿಗೆ ಸೇರುವ ಜಾಗದ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಸ್ಕೇಲು. 7–8ನೇ ಫ್ರೆಟ್ಟಿನ ಹತ್ರ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಫೀಲರ್ ಗೇಜ್ ಇದ್ರೆ ಒಳ್ಳೇದು, ಇಲ್ಲದಿದ್ರೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಸಂದು ಜಾಸ್ತಿ ಇದ್ರೆ ನಟ್ಟನ್ನು ಬಲಕ್ಕೆ ಬಿಗಿ ಮಾಡಿ, ಇಲ್ಲವೇ ಇಲ್ಲ ಅಂದ್ರೆ ಎಡಕ್ಕೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡವೇ ಬೇಡ. ಮತ್ತೆ ಶ್ರುತಿ ಮಾಡಿ, ಮರಕ್ಕೆ ಸ್ವಲ್ಪ ಹೊತ್ತು ಕೊಟ್ಟು, ಮತ್ತೆ ಅಳೆಯಿರಿ. ಅಳತೆಗೆ ಸರಿಯಾಗಿ ಕೂರದ ಅಲೆನ್ ಕೀ ಹಾಕಬೇಡಿ. ನಟ್ ಮಿಸುಕದಿದ್ರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ.

3. ತಂತಿಯ ಎತ್ತರ: ನಾನು ತಪ್ಪಿದ್ದು ಇಲ್ಲೇ. ಎತ್ತರ ಇಳಿಸೋದು ಟ್ರಸ್ ರಾಡಿನ ಕೆಲಸ ಅಲ್ಲ, ಬ್ರಿಡ್ಜ್ ಮೇಲಿನ ಸ್ಯಾಡಲ್‌ಗಳ ಕೆಲಸ. 12ನೇ ಫ್ರೆಟ್ಟಿನ ಮೇಲೆ 'ಇ' ತಂತಿಗೆ ಸುಮಾರು 2.5 ಮಿ.ಮೀ., ಸಣ್ಣ 'ಜಿ' ತಂತಿಗೆ 2 ಮಿ.ಮೀ. ಇಟ್ಟು ಶುರು ಮಾಡಿ. ಆಮೇಲೆ ನಿಮ್ಮ ಕೈಗೆ ತಕ್ಕಂತೆ. ಜೋರಾಗಿ ಮೀಟುವವರಿಗೆ ಸ್ವಲ್ಪ ಎತ್ತರವೇ ವಾಸಿ. ತಂಬೂರಿಯಲ್ಲಾದ್ರೆ ತಂತಿಯ ಕೆಳಗೆ ದಾರ ಇಟ್ಟು ಝೇಂಕಾರ ಬರಿಸ್ತಾರೆ, ಬೇಸಿನಲ್ಲಿ ಅದೇ ಝೇಂಕಾರ ತಲೆನೋವು.

4. ಇಂಟೊನೇಶನ್: 12ನೇ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ರೆ ಸ್ಯಾಡಲನ್ನು ನೆಕ್ಕಿನಿಂದ ದೂರ ಸರಿಸಿ, ಇಳಿದಿದ್ರೆ ಹತ್ತಿರ ತನ್ನಿ. ಸರಿಸುವ ಮುನ್ನ ತಂತಿ ಸ್ವಲ್ಪ ಸಡಿಲಿಸಿ. ಹಳೇ ತಂತಿ ಎಷ್ಟು ಸರಿಸಿದ್ರೂ ಸರಿ ಹೋಗದೇ ಇರಬಹುದು.

5. ಪಿಕಪ್: ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್ಪಿಗೂ 2–3 ಮಿ.ಮೀ. ಅಂತರ ಸಾಕು. ತೀರಾ ಹತ್ತಿರ ಇದ್ರೆ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಅಲುಗಾಡುತ್ತದೆ.

ಇನ್ನು ದಿನದ ಆರೈಕೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿ ಒರೆಸಿ. ತಂತಿಗೆ ಮೊದಲ ಶತ್ರು ನಮ್ಮದೇ ಬೆವರು. ಹೊಸ ಸೆಟ್ಟಿಗೆ ದುಡ್ಡಿಲ್ಲ ಅಂದ್ರೆ ಹಳೇ ತಂತಿಗಳನ್ನು ಬಿಚ್ಚಿ ಕೆಲವು ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒಣಗಿಸಿ ಹಾಕಿ. ಹೊಳಪು ಕೆಲವು ದಿನಕ್ಕೆ ವಾಪಸ್ ಬರುತ್ತದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದ್ರೆ ಪಾಟ್ ಒಳಗೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ತಿರುಗಿಸಿ. ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಆದ್ರೆ ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ. ಚುಚ್ಚಿದ್ದೇ ಬಿಟ್ಟರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಹಾಸ್ಟೆಲ್ಲಿನ ಒದ್ದೆ ಗೋಡೆಗೆ ಒರಗಿಸಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಡಬೇಡಿ.

ಈ ವರ್ಷ ನಾನೂ ಪಾಸಾಗಿ ಹೊರಡ್ತೀನಿ. ಬೇಸ್ ಮುಂದಿನವರ ಕೈಗೆ ಹೋಗುತ್ತದೆ. ಬ್ಯಾಗಿನ ಜೇಬಿನಲ್ಲಿ ಸರಿಯಾದ ಅಲೆನ್ ಕೀ ಜೊತೆ ಒಂದು ಚಿಕ್ಕ ಪುಸ್ತಕ ಇಟ್ಟಿದ್ದೀನಿ. ಯಾವ ತಿಂಗಳಲ್ಲಿ ಬಾಗು ಎಷ್ಟಿತ್ತು, ನಟ್ ಯಾವ ಕಡೆ ಎಷ್ಟು ತಿರುಗಿಸಿದೆ, ಎಲ್ಲ ಬರೆದಿದೆ. ಮೊದಲ ಪುಟದಲ್ಲಿ ಆ 'ಒಂದು ಸುತ್ತು' ಕೂಡ ಇದೆ. ಮುಂದಿನ ಪುಟ ನಿಮ್ಮದು. ತಿರುಗಿಸುವ ಮೊದಲು ಅಳೆಯಿರಿ, ಅಳೆದದ್ದನ್ನು ಬರೆಯಿರಿ.