ಕೆಂಪು ಚುಕ್ಕಿ ಕತ್ತಲನ್ನು ಓಡಿಸುತ್ತಾ?

ಕೋವಿ ಮೇಲೆ ಕೂರಿಸೋ, ಗುರಿ ಹಿಡಿಯೋ ದುರ್ಬೀನು ಅಂದರೆ ಸ್ಕೋಪ್ ನೋಡಿ. ನಡುವೆ ಕೆಂಪು ಚುಕ್ಕಿ. ಇದಿದ್ದರೆ ಕತ್ತಲಲ್ಲೂ ಪ್ರಾಣಿ ಕಾಣುತ್ತೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ, ಕಾಣಲ್ಲ!

ಒಳಗಿರೋದು ಪುಟ್ಟ ಎಲ್‌ಇಡಿ, ಒಂದು ಬಟನ್ ಬ್ಯಾಟರಿ. ಅದು ಬೆಳಗೋದು ಸ್ಕೋಪ್ ಒಳಗಿನ ಗುರಿಯ ಗೆರೆ, ಚುಕ್ಕಿಯನ್ನು ಮಾತ್ರ, ಕಾಡನ್ನಲ್ಲ. ಮುಸ್ಸಂಜೆಯಲ್ಲಿ ಕಪ್ಪು ಗೆರೆ ಪೊದೆಯ ಕಪ್ಪಲ್ಲಿ ಕಳೆದುಹೋಗುತ್ತೆ. ಕೆಂಪಾದರೆ ಎದ್ದು ಕಾಣುತ್ತೆ, ಅಷ್ಟೇ.

ಬೆಳಕು ತರೋದು ಗಾಜು. ಮುಂದಿನ ಮಸೂರ 56 ಮಿಲಿಮೀಟರ್, ಹಿಗ್ಗಿಸೋದು 8 ಪಟ್ಟು ಅಂದ್ಕೊಳ್ಳಿ. ಭಾಗಿಸಿ. ಕಣ್ಣಿಗೆ ಬರೋ ಬೆಳಕಿನ ಅಗಲ 7 ಮಿಲಿಮೀಟರ್. ಕತ್ತಲಲ್ಲಿ ನಮ್ಮ ಕಣ್ಣಪಾಪೆ ಅರಳೋದೂ ಹೆಚ್ಚುಕಡಿಮೆ ಅಷ್ಟೇ. ಇನ್ನು ಚುಕ್ಕಿಯನ್ನು ಜೋರಾಗಿ ಉರಿಸಿದಿರೋ, ಕಣ್ಣು ಕುಕ್ಕಿ ಪ್ರಾಣಿಯೇ ಮಾಯ.

ಕತ್ತಲು ಎಷ್ಟು ಕಷ್ಟ ಅಂತ ನೋಡೋಕೆ ಈಗ ತಮಿಳುನಾಡಿನ ಗೂಡಲೂರಿಗೆ ಬನ್ನಿ. 2021. ಗೂಡಲೂರು, ಮಸಿನಗುಡಿ ಸುತ್ತ ನಾಲ್ವರನ್ನು ಕೊಂದಿತು ಎನ್ನಲಾದ ಟಿ-23 ಹುಲಿ. ಕೊಲ್ಲೋದಕ್ಕಿಂತ ಮೊದಲು ಹಿಡಿಯೋಕೆ ನೋಡಿ ಎಂದಿತು ಮದ್ರಾಸ್ ಹೈಕೋರ್ಟ್. ಡ್ರೋನ್ ಬಂತು, ಪಳಗಿದ ಕುಮ್ಕಿ ಆನೆ ಬಂತು. ಅಕ್ಟೋಬರ್ 14ರ ರಾತ್ರಿ ಅರಿವಳಿಕೆ ಡಾರ್ಟ್ ತಗುಲಿತು ಕೂಡ. ಆದರೆ ಮದ್ದು ಏರೋಕೆ ನಿಮಿಷಗಳು ಬೇಕು. ಅಷ್ಟರಲ್ಲಿ ಹುಲಿ ಪೊದೆ ಸೇರಿತ್ತು. ಗುರಿ ತಪ್ಪಿರಲಿಲ್ಲ, ಕತ್ತಲು ಗೆದ್ದಿತ್ತು. ಸಿಕ್ಕಿದ್ದು ಮರುದಿನ, ಹಗಲಲ್ಲಿ. ಆಮೇಲೆ ಮೈಸೂರಿನ ಕೂರ್ಗಳ್ಳಿಯ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು.

ಅದು ಸರ್ಕಾರಿ ಕಾರ್ಯಾಚರಣೆ. ಆದರೆ ಬೇಟೆಗೆಂದು ಕಡವೆಗೋ ಜಿಂಕೆಗೋ ಗುರಿಯಿಡೋದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಸ್ಕೋಪ್ ಎಷ್ಟೇ ದುಬಾರಿಯಿರಲಿ. ರಾತ್ರಿ ಕಾಡಂಚಲ್ಲಿ ಕೋವಿ ಸದ್ದು ಕೇಳಿದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ನೀವೇ ನೋಡೋಕೆ ಹೋಗಬೇಡಿ.