ಮುಂಜಿಯ ಆಲ್ಬಂ: ಕ್ಯಾಮೆರಾಕ್ಕೆ ಸಿಗದ ಪುಟಗಳು

ಮುಂಜಿಯ ಆಲ್ಬಂ ಯಾರ ಮನೆಯದಾದರೂ ಇರಲಿ, ಒಂದು ಪಟ ಮಾತ್ರ ಎಲ್ಲದರಲ್ಲೂ ಒಂದೇ ತರಹ. ರೇಷ್ಮೆ ಶಲ್ಯವೊಂದು ಪುಟ್ಟ ಗುಡಾರದಂತೆ ಉಬ್ಬಿ ನಿಂತಿರುತ್ತದೆ. ಒಳಗೆ ವಟುವಿನ ಕಿವಿಯಲ್ಲಿ ತಂದೆ ಗಾಯತ್ರಿ ಉಪದೇಶಿಸುತ್ತಿರುತ್ತಾರೆ. ಇಡೀ ಉಪನಯನದ ತಿರುಳು ಈ ಬ್ರಹ್ಮೋಪದೇಶವೇ. ಆದರೆ ಫೋಟೊಗ್ರಾಫರಿಗೆ ದಕ್ಕುವುದು ಬಟ್ಟೆಯ ಪಟವಷ್ಟೆ!

ಯಹೂದಿಯರಿಗೂ ಇಂಥದೇ ಪೇಚು ಉಂಟು. ಬೆಂಗಳೂರಿಗೆ ಅವರು ತೀರ ಅಪರಿಚಿತರೇನಲ್ಲ. ಮೈಸೂರು ರಸ್ತೆಯಲ್ಲಿ ಅವರದೊಂದು ಹಳೆಯ ಸ್ಮಶಾನವಿದೆ. ಅವರಲ್ಲಿ ಗಂಡುಮಗುವಿಗೆ 13 ತುಂಬಿದಾಗ ‘ಬಾರ್ ಮಿಟ್ಸ್‌ವಾ’ ನಡೆಯುತ್ತದೆ. ಈ ಮಾತಿಗೆ ‘ಆಜ್ಞೆಯ ಮಗ’ ಎಂದು ಅರ್ಥ. ಹುಡುಗ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೆದುರು ‘ತೋರಾ’ದ ಕೈಬರಹದ ಸುರುಳಿಯಿಂದ ಓದಬೇಕು. ಸಾಮಾನ್ಯವಾಗಿ ಇದು ನಡೆಯುವುದು ಶನಿವಾರ, ಅವರ ವಿಶ್ರಾಂತಿ ದಿನ. ಸಂಪ್ರದಾಯಸ್ಥರಲ್ಲಿ ಅಂದು ಫೋಟೊ ತೆಗೆಯುವಂತಿಲ್ಲ. ಹಾಗಾಗಿ ಪಟಗಳನ್ನು ಬೇರೆ ದಿನ ತೆಗೆಸುತ್ತಾರೆ. ಹುಡುಗನ ಹೆಸರಿನಲ್ಲಿ ಆಲ್ಬಂ ಮಾಡಿ, ಬಂದ ಅತಿಥಿಗಳಿಂದ ಅದರಲ್ಲಿ ನಾಲ್ಕು ಸಾಲು ಬರೆಸಿಕೊಳ್ಳುವ ರೂಢಿಯೂ ಅನೇಕ ಮನೆಗಳಲ್ಲಿದೆ.

ನಾವು ಕಲಿಯಬಹುದಾದದ್ದು ಈ ಬರೆಸಿಕೊಳ್ಳುವ ಕೆಲಸ. ಜಯನಗರ, ಬನಶಂಕರಿಯ ಛತ್ರಗಳಲ್ಲಿ ನಡೆಯುವ ಮುಂಜಿಗಳಿಗೆ ಈಗ ಸ್ಟುಡಿಯೊದವರು ದಪ್ಪನೆಯ ಹೊಳಪಿನ ಆಲ್ಬಂ ಮಾಡಿಕೊಡುತ್ತಾರೆ. ಚೆನ್ನಾಗಿಯೇ ಇರುತ್ತದೆ, ಸುಳ್ಳೇಕೆ? ಆದರೆ ಅದರಲ್ಲಿ ಹೆಸರುಗಳಿಗೆ ಜಾಗವಿಲ್ಲ. ನಮ್ಮ ಮನೆಯಲ್ಲಿ ತಾತನ ಮುಂಜಿಯ ಗುಂಪು ಪಟವೊಂದಿದೆ, 1956ರದು. ಹದಿನೇಳು ಜನ ನಿಂತಿದ್ದಾರೆ. ಅಜ್ಜಿ ಇರುವವರೆಗೆ ಬೆರಳಿಟ್ಟು ಇವರು ಸೋದರಮಾವ, ಇವರು ಶಾನುಭೋಗರು ಎಂದು ಹೇಳುತ್ತಿದ್ದರು. ಈಗ ನಮಗೆ ಗುರುತು ಸಿಗುವುದು ನಾಲ್ವರದು.

ಕೈಯಿಂದ ಆಲ್ಬಂ ಮಾಡುವುದು ಕಷ್ಟವಲ್ಲ. ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ದಪ್ಪ ಹಾಳೆ ಸಿಗುತ್ತದೆ. ಇಪ್ಪತ್ತು ಹಾಳೆ ಧಾರಾಳ ಸಾಕು. ಎಡ ಅಂಚಿನಲ್ಲಿ ಒಂದಂಗುಲ ಬಿಟ್ಟು ತೂತು ಹಾಕಿ, ಗಟ್ಟಿ ಹತ್ತಿ ದಾರದಿಂದ ಹೊಲಿಯಬೇಕು. ಮೊದಲ ಸಲ ಮಾಡುವವರು ತಪ್ಪುವುದು ಇಲ್ಲೇ. ಫೋಟೊ ಅಂಟಿಸಿದ ಮೇಲೆ ಪುಟಗಳು ದಪ್ಪಗಾಗಿ ಆಲ್ಬಂ ಬಾಯಿ ಬಿಡುತ್ತದೆ. ಅದಕ್ಕೇ ಹೊಲಿಯುವಾಗ ಪ್ರತಿ ಎರಡು ಹಾಳೆಗಳ ನಡುವೆ ಅದೇ ಕಾಗದದ ಒಂದಂಗುಲದ ಪಟ್ಟಿ ಸೇರಿಸಬೇಕು. ಬೆನ್ನೂ ಅಷ್ಟೇ ದಪ್ಪಗಾಗಿ ಲೆಕ್ಕ ಸರಿಹೋಗುತ್ತದೆ.

ಫೋಟೊಗೆ ಅಂಟು ಬೇಡ. ಮೈದಾ ಅಂಟಿಗೆ ಹುಳು ಬರುತ್ತದೆ. ಹಿಂದೆ ಬೈಂಡರುಗಳು ಅದಕ್ಕೇ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಗೆ ತಕ್ಕದ್ದಲ್ಲ. ಪುಟಕ್ಕೇ ಅಂಟು ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ ಆಲ್ಬಂಗಳಂತೂ ಇನ್ನೂ ಕೆಟ್ಟವು. ವರ್ಷ ಕಳೆದಂತೆ ಅಂಟು ಹಳದಿಯಾಗಿ, ಪಟ ಕೀಳಲು ಹೋದರೆ ಹರಿದು ಬರುತ್ತದೆ. ಹಳೆಯವರ ಕಾಗದದ ಮೂಲೆಗಳೇ ವಾಸಿ. ಪುಟಗಳ ನಡುವೆ ತೆಳು ಕಾಗದ ಹಾಕಿದರೆ ಎದುರು ಬದುರಿನ ಪಟಗಳು ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ. ಪಟದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಸಾಕು. ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ.

ಮೊದಲ ಪುಟಕ್ಕೆ ಆಹ್ವಾನ ಪತ್ರಿಕೆ. ತಾತ–ಅಜ್ಜಿಯರ ಹೆಸರು, ತಿಥಿ, ಛತ್ರದ ವಿಳಾಸ ಎಲ್ಲ ಅದರಲ್ಲೇ ಇರುತ್ತದೆ. ‘ಮುಂಜಿ’ ಎಂಬ ಹೆಸರು ಬಂದದ್ದು ವಟುವಿನ ಸೊಂಟಕ್ಕೆ ಕಟ್ಟುವ ಮುಂಜ ಹುಲ್ಲಿನ ಮೌಂಜಿಯಿಂದ. ಅದರ ಒಂದು ಎಳೆಯನ್ನು ಪುಟ್ಟ ಲಕೋಟೆಯಲ್ಲಿಟ್ಟು ಸೇರಿಸಬಹುದು. ಅಕ್ಷತೆ ಮಾತ್ರ ಬೇಡ: ಅರಿಸಿನ ಕಲೆ ಮಾಡುತ್ತದೆ, ಅಕ್ಕಿಗೆ ಹುಳು ಬೀಳುತ್ತದೆ.

ಮಾತೃಭೋಜನದ ಪುಟವನ್ನು ತಾಯಿಯೇ ಬರೆಯಲಿ. ಉಪನಯನಕ್ಕೆ ಮುಂಚೆ ಮಗ ಅಮ್ಮನೊಡನೆ ಒಂದೇ ಎಲೆಯಲ್ಲಿ ಉಣ್ಣುವ ಕೊನೆಯ ಊಟ ಅದು. ಏನು ಬಡಿಸಿದರು, ಹುಡುಗ ಯಾವುದನ್ನು ಎಲೆಯಲ್ಲೇ ಬಿಟ್ಟ ಎಂಬುದು ಯಾವ ಫೋಟೊದಲ್ಲೂ ಕಾಣುವುದಿಲ್ಲ. ಶಲ್ಯದ ಪಟದ ಎದುರು ಪುಟ ತಂದೆಯದು. ಮಂತ್ರ ಬರೆಯಬೇಕಿಲ್ಲ, ಕಿವಿಯ ಹತ್ತಿರ ಬಾಗಿದಾಗ ಮಗ ನಕ್ಕನೋ, ಹೆದರಿದನೋ ಅಷ್ಟು ಬರೆದರಾಯಿತು. ಹುಡುಗನಿಗೂ ಒಂದು ಪುಟ ಕೊಡಿ, ತಿದ್ದಬೇಡಿ.

ಅಕ್ಕತಂಗಿಯರ ಹೆಸರಿನಲ್ಲಿ ಇಂಥ ಆಲ್ಬಂ ಸಾಮಾನ್ಯವಾಗಿ ಇರುವುದಿಲ್ಲ. ಯಹೂದಿಯರಲ್ಲಿ ಹುಡುಗಿಯರಿಗೂ ಈ ಸಂಸ್ಕಾರ ನಡೆಯುತ್ತದೆ. ಅಮೆರಿಕದಲ್ಲಿ ಅದು ಶುರುವಾದದ್ದು 1922ರಲ್ಲಿ, ನ್ಯೂಯಾರ್ಕಿನಲ್ಲಿ. ನಮ್ಮಲ್ಲಿ ಅವರಿಂದಲೂ ಒಂದು ಪುಟ ಬರೆಸಬಹುದು.

ಕೊನೆಯ ಎರಡು ಹಾಳೆ ಖಾಲಿ ಬಿಟ್ಟಿರಿ. ಬಸ್ಸು ತಪ್ಪಿ ಊಟದ ಹೊತ್ತಿಗೆ ಬಂದಿಳಿಯುವ ಸೋದರತ್ತೆಗೂ ಜಾಗ ಬೇಕಲ್ಲ.