ಗಾಳಿಯಂತ್ರದ ಮುಂದೆ ಭಾಷಣ, ಮತದ ದಿನ ಗೈರುಹಾಜರಿ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಸೊಸೈಟಿ ಜಗಲಿಯಲ್ಲಿ ಕರೆಂಟಿನ ಮಾತು ಶುರು. ಒಬ್ಬರು ಹಗಲಿಡೀ ತ್ರೀ ಫೇಸ್ ಕೊಡಿಸುತ್ತಾರಂತೆ, ಇನ್ನೊಬ್ಬರು ಪ್ರತಿ ತೋಟಕ್ಕೂ ಸೋಲಾರ್ ಪಂಪು ಕೊಡಿಸುತ್ತಾರಂತೆ. ಕಳೆದ ಸಲ ಹೀಗೇ ಮಾತಾಡುತ್ತಿದ್ದಾಗ ಪಕ್ಕದ ತೋಟದ ಹಿರಿಯರೊಬ್ಬರು ಕೇಳಿದರು: "ಹೇಳುವುದನ್ನು ಎಲ್ಲರೂ ಹೇಳ್ತಾರೆ ಮಾರಾಯ್ರೆ. ಅಲ್ಲಿ ಹೋಗಿ ಕೈ ಎತ್ತಿದ್ದಾರಾ ಇಲ್ವಾ ಅಂತ ನಮಗೆ ಗೊತ್ತಾಗುವುದು ಹೇಗೆ?"

ಪ್ರಶ್ನೆ ಸಣ್ಣದು, ಉತ್ತರ ಸುಲಭವಲ್ಲ. ಇದನ್ನು ಯೋಚಿಸುವಾಗ ನನಗೆ ನೆನಪಾದದ್ದು ಅಮೆರಿಕದ 2008ರ ಚುನಾವಣೆ. ದೂರದ ಕತೆ ನಮಗ್ಯಾಕೆ ಅನ್ನಬೇಡಿ. ಅಲ್ಲಿ ಯಾರು ಯಾವ ದಿನ ಹೇಗೆ ಮತ ಹಾಕಿದರು ಎಂಬುದು ಹೆಸರು ಸಮೇತ ದಾಖಲಾಗಿದೆ. ಮಾತನ್ನೂ ಕೆಲಸವನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡಬಹುದು.

ಎರಡು ಸೆಂಟಿನ ಆಸರೆ

ಮೊದಲು ಹಿನ್ನೆಲೆ. ಗಾಳಿಯಿಂದ ಕರೆಂಟು ಮಾಡುವವರಿಗೆ ಅಮೆರಿಕ ಸರಕಾರ 1992ರ ಕಾಯಿದೆಯಲ್ಲಿ ಒಂದು ತೆರಿಗೆ ರಿಯಾಯಿತಿ ತಂದಿತು. ಯಂತ್ರ ಹಾಕಿದ ಮೊದಲ 10 ವರ್ಷ, ಮಾರಿದ ಪ್ರತಿ ಯೂನಿಟ್ಟಿಗೆ ಇಷ್ಟು ಅಂತ ತೆರಿಗೆಯಲ್ಲಿ ಬಿಡುವುದು. ಆರಂಭದಲ್ಲಿ ಒಂದೂವರೆ ಸೆಂಟು, 2008ರ ಹೊತ್ತಿಗೆ ಸುಮಾರು ಎರಡು ಸೆಂಟು.

ಇದರಲ್ಲಿ ರೈತರಿಗೂ ಪಾಲಿತ್ತು. ಅಲ್ಲಿನ ಗಾಳಿಯಂತ್ರಗಳು ಹೆಚ್ಚಾಗಿ ನಿಂತಿರುವುದು ಜೋಳ, ಗೋಧಿಯ ಹೊಲಗಳಲ್ಲಿ, ದನ ಮೇಯುವ ಬಯಲುಗಳಲ್ಲಿ. ಯಂತ್ರದ ಬುಡಕ್ಕೆ ಬೇಕಾಗುವ ಜಾಗ ಸ್ವಲ್ಪವೇ. ಉಳಿದ ಹೊಲ ಎಂದಿನಂತೆ ಉಳಬಹುದು. ಯಂತ್ರವೊಂದಕ್ಕೆ ವರ್ಷಕ್ಕೆ ಕೆಲವು ಸಾವಿರ ಡಾಲರ್ ಬಾಡಿಗೆ. ಬೆಳೆ ಕೈಕೊಟ್ಟ ವರ್ಷವೂ ಅದು ಬರುತ್ತದೆ.

ತೊಂದರೆ ಏನೆಂದರೆ, ಈ ರಿಯಾಯಿತಿ ಖಾಯಂ ಅಲ್ಲ. ಒಂದೆರಡು ವರ್ಷಕ್ಕೊಮ್ಮೆ ಅವಧಿ ಮುಗಿಯುತ್ತಿತ್ತು. ಸಂಸತ್ತು ಮತ್ತೆ ಮುಂದುವರಿಸಬೇಕು. 2001ರಲ್ಲಿ ಆ ದೇಶದಲ್ಲಿ ಸುಮಾರು 1,700 ಮೆಗಾವ್ಯಾಟಿನಷ್ಟು ಗಾಳಿಯಂತ್ರಗಳು ಹೊಸದಾಗಿ ಬಂದವು. ಆ ವರ್ಷದ ಕೊನೆಗೆ ರಿಯಾಯಿತಿ ನಿಂತಿತು. 2002ರಲ್ಲಿ ಬಂದದ್ದು 400ರ ಆಸುಪಾಸು. 2003ರಲ್ಲಿ ಮತ್ತೆ 1,700ರ ಹತ್ತಿರ, ಪುನಃ ಅವಧಿ ಮುಗಿದು 2004ರಲ್ಲಿ ಮತ್ತೆ 400. ವರ್ಷ ಬಿಟ್ಟು ವರ್ಷ ಫಸಲು ಕೊಡುವ ಮಾವಿನ ಮರದ ಹಾಗೆ. ಹೀಗಾದರೆ ಕಾರ್ಖಾನೆ ಹಾಕುವವನಿಗೂ ಧೈರ್ಯ ಬರುವುದಿಲ್ಲ, ಜಾಗ ಬಾಡಿಗೆಗೆ ಕೊಟ್ಟ ರೈತನಿಗೂ ಭರವಸೆ ಇರುವುದಿಲ್ಲ.

2008ರ ಕೊನೆಗೆ ಮತ್ತೊಮ್ಮೆ ಅವಧಿ ಮುಗಿಯುವುದಿತ್ತು. ಅದೇ ವರ್ಷ ಅಧ್ಯಕ್ಷರ ಚುನಾವಣೆ.

ಭಾಷಣದ ದಿನ

ರಿಪಬ್ಲಿಕನ್ ಪಕ್ಷದಿಂದ ನಿಂತವರು ಅರಿಝೋನಾ ರಾಜ್ಯದ ಸೆನೆಟರ್ ಜಾನ್ ಮೆಕೇನ್. 2008ರ ಮೇ 12ರಂದು ಅವರು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಹವಾಮಾನ ಬದಲಾವಣೆ ಬಗ್ಗೆ ದೊಡ್ಡ ಭಾಷಣ ಮಾಡಿದರು. ಜಾಗ ಎಲ್ಲಿ ಅಂತೀರಿ? ಡೆನ್ಮಾರ್ಕಿನ ಗಾಳಿಯಂತ್ರ ಕಂಪೆನಿ ವೆಸ್ಟಾಸಿನ ಆವರಣದಲ್ಲಿ. ಅವರ ಪ್ರಚಾರದ ಟೀವಿ ಜಾಹೀರಾತುಗಳಲ್ಲೂ ಬಿಳಿ ರೆಕ್ಕೆಯ ಗಾಳಿಯಂತ್ರಗಳು ತಿರುಗುತ್ತಿದ್ದವು. ನೋಡಿದವರಿಗೆ, ಇವರು ಗೆದ್ದರೆ ಗಾಳಿ, ಬಿಸಿಲಿಗೆಲ್ಲ ಒಳ್ಳೆ ಕಾಲ ಬಂತು ಅನ್ನಿಸಬೇಕು.

ಮತದ ದಿನ

ಈಗ ದಾಖಲೆ ನೋಡೋಣ. ಸೆನೆಟಿನಲ್ಲಿ ಒಟ್ಟು 100 ಮಂದಿ. ಅಲ್ಲಿನ ನಿಯಮದಂತೆ, ತಕರಾರಿರುವ ಮಸೂದೆಯ ಚರ್ಚೆ ಮುಗಿಸಿ ಮುಂದೆ ಹೋಗಲು 60 ಮಂದಿ ಹೂಂ ಅನ್ನಬೇಕು.

2007ರ ಡಿಸೆಂಬರ್ 13. ಗಾಳಿ, ಬಿಸಿಲಿನ ರಿಯಾಯಿತಿ ಮುಂದುವರಿಸುವ, ಅದಕ್ಕಾಗಿ ಎಣ್ಣೆ ಕಂಪೆನಿಗಳ ರಿಯಾಯಿತಿ ಕಡಿಮೆ ಮಾಡುವ ಪ್ರಸ್ತಾಪ. ಪರ 59, ವಿರುದ್ಧ 40. ಒಂದು ಮತ ಕಡಿಮೆಯಾಗಿ ಬಿತ್ತು. ಬಾರದೆ ಇದ್ದವರು ಒಬ್ಬರೇ, ಮೆಕೇನ್.

2008ರ ಫೆಬ್ರವರಿ 6. ಇದೇ ರಿಯಾಯಿತಿಗಳನ್ನು ಆರ್ಥಿಕ ನೆರವಿನ ಮಸೂದೆಯೊಂದಕ್ಕೆ ಸೇರಿಸಿ ತಂದರು. ಪರ 58, ವಿರುದ್ಧ 41. ಮತ್ತೆ ಮಂಡಿಸುವ ಹಕ್ಕು ಉಳಿಸಿಕೊಳ್ಳಲಿಕ್ಕಾಗಿ ಬಹುಮತದ ನಾಯಕ ಹ್ಯಾರಿ ರೀಡ್ ತಮ್ಮ ಮತವನ್ನು ಕೊನೆಗೆ ಬದಲಿಸಿದ್ದರು. ನಿಜವಾದ ಬೆಂಬಲ 59. ಅಂದರೆ ಮತ್ತೆ ಒಂದೇ ಮತ ಕೊರತೆ. ಮತ್ತೆ ಗೈರಾದವರು ಮೆಕೇನ್ ಒಬ್ಬರೇ. ಅದೇ ಚುನಾವಣೆಯ ಕಣದಲ್ಲಿ ಊರೂರು ಸುತ್ತುತ್ತಿದ್ದ ಒಬಾಮ, ಹಿಲರಿ ಕ್ಲಿಂಟನ್ ಇಬ್ಬರೂ ಆ ದಿನ ಬಂದು ಮತ ಹಾಕಿದ್ದರು.

ಆ ವರ್ಷದ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ ಥಾಮಸ್ ಫ್ರೀಡ್‌ಮನ್ ಲೆಕ್ಕ ಹಾಕಿ, ಈ ವಿಷಯದ ಮತದಾನಕ್ಕೆ ಮೆಕೇನ್ ಬಾರದೆ ಇದ್ದದ್ದು ಎಂಟು ಸಲ ಎಂದು ಬರೆದರು.

ಸೋತದ್ದರ ಬಿಸಿ ಮೆಕೇನರ ರಾಜ್ಯಕ್ಕೇ ತಟ್ಟಿತು. 2008ರ ಫೆಬ್ರವರಿಯಲ್ಲೇ ಅರಿಝೋನಾದ ಗಿಲಾ ಬೆಂಡ್ ಎಂಬಲ್ಲಿ 280 ಮೆಗಾವ್ಯಾಟಿನ 'ಸೋಲಾನಾ' ಎಂಬ ಸೌರ ಸ್ಥಾವರದ ಯೋಜನೆ ಪ್ರಕಟವಾಗಿತ್ತು. ಕುದುರೆ ಮಸಾಲೆ ಮೇವು ಬೆಳೆಯುತ್ತಿದ್ದ ಸುಮಾರು 1,900 ಎಕರೆ ಜಮೀನು. ಆದರೆ ಸೌರ ರಿಯಾಯಿತಿ ಮುಂದುವರಿದರೆ ಮಾತ್ರ ಕೆಲಸ ಎಂಬ ಷರತ್ತು. ಎಲ್ಲರೂ ವಾಷಿಂಗ್ಟನ್ ಕಡೆ ನೋಡುತ್ತ ಕೂರಬೇಕಾಯಿತು.

ಅವರ ಪರವಾಗಿ ಎರಡು ಮಾತು

ಒಂದೇ ತಟ್ಟೆಗೆ ತೂಕ ಹಾಕುವುದು ನ್ಯಾಯವಲ್ಲ. ಮೆಕೇನ್ ಹವಾಮಾನದ ಮಾತನ್ನು ಚುನಾವಣೆಗೆಂದೇ ಕಲಿತವರಲ್ಲ. ಹೊಗೆಗೆ ಮಿತಿ ಹಾಕುವ ಮಸೂದೆಯನ್ನು ಎದುರು ಪಕ್ಷದ ಲೀಬರ್‌ಮನ್ ಜೊತೆ ಸೇರಿ ತಂದು 2003ರಲ್ಲೇ ಮತಕ್ಕೆ ಹಾಕಿಸಿದ್ದರು. 43-55ರಲ್ಲಿ ಸೋತರು. ಅವರ ಪಕ್ಷದಲ್ಲಿ ಅದು ಲಾಭದ ಕೆಲಸವೇನೂ ಅಲ್ಲ. ಸಬ್ಸಿಡಿ ಎಂದರೆ ಮೊದಲಿನಿಂದಲೂ ಅವರಿಗೆ ಅಷ್ಟಕ್ಕಷ್ಟೆ. ಜೋಳದ ಎಥೆನಾಲ್ ಸಬ್ಸಿಡಿಯನ್ನೂ ವಿರೋಧಿಸಿದವರು. ಪ್ರಚಾರದಲ್ಲಿರುವ ಸೆನೆಟರುಗಳು ಮತ ತಪ್ಪಿಸುವುದೂ ಅಲ್ಲಿ ಮಾಮೂಲಿ. ಬೇಸಿಗೆಯ ಮತದಾನಗಳಲ್ಲಿ ಒಬಾಮರೂ ಗೈರಾದದ್ದುಂಟು. ಡಿಸೆಂಬರಿನ ಪ್ರಸ್ತಾಪ ಸೆನೆಟಿನಲ್ಲಿ ಗೆದ್ದಿದ್ದರೂ ಅಂದಿನ ಅಧ್ಯಕ್ಷ ಬುಷ್ ಸಹಿ ಹಾಕುವುದಿಲ್ಲ ಎಂದು ಹೆದರಿಸಿದ್ದರು.

ಸಬ್ಸಿಡಿ ಬೇಡ ಅನ್ನುವುದು ಒಂದು ನಿಲುವು. ಅದನ್ನು ಒಪ್ಪದವರೂ ಗೌರವಿಸಬಹುದು. ಹಾಗಾದರೆ ಬಂದು 'ಇಲ್ಲ' ಎಂದು ಮತ ಹಾಕಬಹುದಿತ್ತು. ಬಾರದೆ ಇದ್ದರೆ ಎರಡೂ ಕಡೆಯವರಿಗೆ ಒಳ್ಳೆಯವರು. ಗಾಳಿಯಂತ್ರದವರ ಮುಂದೆ ಭಾಷಣ ಮಾಡಬಹುದು, ಎಣ್ಣೆಯವರಿಗೂ ಬೇಸರವಿಲ್ಲ. 60 ಬೇಕಾದಲ್ಲಿ ಬಾರದ ಒಬ್ಬ, ವಿರುದ್ಧ ಮತ ಹಾಕಿದ ಒಬ್ಬ, ಇಬ್ಬರ ಪರಿಣಾಮವೂ ಒಂದೇ. ಗೈರುಹಾಜರಿಯೂ ಒಂದು ಮತ. ಈ ಕತೆಯಿಂದ ನಾನು ಕಲಿತದ್ದು ಇಷ್ಟು.

ಕೊನೆಗೆ ಏನಾಯಿತು? ಬ್ಯಾಂಕುಗಳು ಮುಳುಗತೊಡಗಿದಾಗ ತಂದ ದೊಡ್ಡ ರಕ್ಷಣಾ ಮಸೂದೆಗೆ ಈ ರಿಯಾಯಿತಿಗಳನ್ನೂ ಕಟ್ಟಿದರು. 2008ರ ಅಕ್ಟೋಬರ್ 1ರಂದು ಸೆನೆಟ್ 74-25ರಲ್ಲಿ ಒಪ್ಪಿತು. ಆ ದಿನ ಮೆಕೇನ್ ಬಂದಿದ್ದರು, ಒಬಾಮ ಸಹ, ಇಬ್ಬರದೂ 'ಹೌದು'. ಗಾಳಿಗೆ ಒಂದು ವರ್ಷ, ಬಿಸಿಲಿಗೆ ಎಂಟು ವರ್ಷ ಸಿಕ್ಕಿತು. ಸೋಲಾನಾ 2013ರಲ್ಲಿ ಕರೆಂಟು ಕೊಡಲು ಶುರು ಮಾಡಿತು. ಮೆಕೇನ್ ಆ ನವೆಂಬರಿನಲ್ಲಿ ಸೋತರು, 2018ರಲ್ಲಿ ತೀರಿಕೊಂಡರು.

ನಮ್ಮಲ್ಲಿ ಲೆಕ್ಕ ಕೇಳುವುದು ಹೇಗೆ?

ನಮ್ಮ ಹಿರಿಯರ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಇದು ಇನ್ನೂ ಕಷ್ಟ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಯಾರು ಹೌದು ಅಂದರು, ಯಾರು ಸುಮ್ಮನಿದ್ದರು ಎಂಬ ಗುರುತೇ ಉಳಿಯುವುದಿಲ್ಲ. ಕೃಷಿ ಮಸೂದೆಗಳು 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಪಾಸಾದದ್ದು ಹಾಗೆಯೇ. ಮತ ಎಣಿಸಿ ಎಂದು ವಿರೋಧ ಪಕ್ಷದವರು ಕೇಳಿದರೂ ಎಣಿಕೆ ಆಗಲಿಲ್ಲ. 2021ರ ನವೆಂಬರ್ 29ರಂದು ರದ್ದಾದದ್ದೂ ಧ್ವನಿಮತದಲ್ಲೇ. ಅದಲ್ಲದೆ 1985ರ ಪಕ್ಷಾಂತರ ತಡೆ ಕಾನೂನಿನಿಂದಾಗಿ ಪಕ್ಷದ ವಿಪ್ ಮೀರಿದವರ ಸ್ಥಾನವೇ ಹೋಗಬಹುದು. ಮತ ಹಾಕದೆ ಉಳಿದರೂ ಅಷ್ಟೆ.

ಹಾಗೆಂದು ನಾವು ಸುಮ್ಮನಿರಬೇಕಾಗಿಲ್ಲ. ಕಲಾಪದಲ್ಲಿ ಯಾರು ಯಾವ ಪ್ರಶ್ನೆ ಕೇಳಿದರು ಎಂಬುದು ಅಚ್ಚಾಗುತ್ತದೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂ. ಅದು ಯಾವ ಕೆಲಸಕ್ಕೆ ಹೋಯಿತು ಎಂದು 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಮತ ಕೇಳಲು ಮನೆಗೆ ಬಂದವರಲ್ಲಿ, "ಸೋಲಾರ್ ಕೊಡ್ತೀರಾ?" ಎಂದು ಕೇಳಿದರೆ 'ಹೌದು' ಎಂದೇ ಉತ್ತರ ಬರುತ್ತದೆ. ಅದರ ಬದಲು, "ಕಳೆದ ಐದು ವರ್ಷದಲ್ಲಿ ಈ ಬಗ್ಗೆ ಸಭೆಯಲ್ಲಿ ಯಾವತ್ತು ಮಾತಾಡಿದಿರಿ? ತಾರೀಕು ಹೇಳಿ" ಅಂತ ಕೇಳಿ ನೋಡಿ.

ಅಡಿಕೆ ಕೊಟ್ಟು ತೂಕದ ಚೀಟಿ ಇಲ್ಲದೆ ನಾವು ಮನೆಗೆ ಬರುವುದಿಲ್ಲ. ಮತ ಕೊಡುವಾಗಲೂ ಅದೇ ಅಭ್ಯಾಸ ಇಟ್ಟುಕೊಳ್ಳಬಹುದಲ್ಲ? ನಿಮ್ಮೂರಲ್ಲಿ ಹೀಗೆ ಕೇಳಿ ಉತ್ತರ ಪಡೆದವರಿದ್ದರೆ ಪತ್ರಿಕೆಗೆ ಬರೆದು ತಿಳಿಸಿ. ಉಳಿದವರಿಗೂ ಧೈರ್ಯ ಬರುತ್ತದೆ.